ಹೊಸಬಾಳೆಯ ಮೂಗು, ಶಿವಮೊಗ್ಗದ ತಟ್ಟೆ

ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ ಮೂಗಿನ ಸ್ವ್ಯಾಬ್ ಎಂದರೆ ಇವತ್ತಿಗೂ ನೆನಪಾಗುವುದು 2020ರ ಕೊರೊನಾ. ಅದು ವೈರಸ್ ಹುಡುಕುವ ಪರೀಕ್ಷೆ. ಕಡ್ಡಿ ಆಳಕ್ಕೆ ಹೋಗಿ ಕಣ್ಣಲ್ಲಿ ನೀರು ತರಿಸುತ್ತಿತ್ತು. ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ಹಳೆಯ, ನೋವಿಲ್ಲದ ಇನ್ನೊಂದು ಪರೀಕ್ಷೆಯ ಕಥೆ. ಹೊಳ್ಳೆಯಲ್ಲಿ ಮನೆಮಾಡಿದ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದು ಯಾವ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ ಎಂದು ನೋಡುವುದು. ಲ್ಯಾಬಿನವರ ಬಾಯಲ್ಲಿ ಇದು 'ಕಲ್ಚರ್ ಸೆನ್ಸಿಟಿವಿಟಿ'.

ಇದಕ್ಕೆ ಸ್ಯಾಂಪಲ್ಲು ಊರು ದಾಟಿ ಹೋಗಬೇಕು; ಸೊರಬಕ್ಕೆ ಅದು ಹೊಸತೇನಲ್ಲ. 1957ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯ ಕೆಲಸ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರೆಗೆ ಹೋಯಿತು, ರೋಗಕ್ಕೆ ಕಾಡಿನ ಹೆಸರೇ ಬಿತ್ತು. ಈ ಮಂಗನ ಕಾಯಿಲೆಯದೂ ವೈರಸ್ಸೇ. ಆಂಟಿಬಯೋಟಿಕ್ ಅದಕ್ಕೆ ನಾಟುವುದಿಲ್ಲ.

ಬ್ಯಾಕ್ಟೀರಿಯಾಗಳ ಪೈಕಿ ಮೂಗಿನ ಹೆಸರಾಂತ ಬಾಡಿಗೆದಾರ ಸ್ಟ್ಯಾಫಿಲೋಕಾಕಸ್ ಆರಿಯಸ್. 1880ರ ದಶಕದಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಇದನ್ನು ಕೀವಿನಲ್ಲಿ ಕಂಡು, ದ್ರಾಕ್ಷಿ ಗೊಂಚಲಿನಂತಿದೆಯೆಂದು ಹೆಸರಿಟ್ಟ. ಬೆಳೆಸುವ ಪಾಕ ಮಾತ್ರ ಅಡುಗೆಮನೆಯಿಂದ ಬಂತು. ರಾಬರ್ಟ್ ಕಾಖ್ ಪ್ರಯೋಗಾಲಯದ ಜೆಲಾಟಿನ್ ಬಿಸಿಗೆ ಕರಗಿಹೋಗುತ್ತಿದ್ದಾಗ ಫ್ಯಾನಿ ಹೆಸ್ಸೆ ಎಂಬಾಕೆ ಅಗರ್ ಬಳಸಿ ಎಂದಳು. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುತ್ತದಲ್ಲ, ಅದೇ. 1887ರಲ್ಲಿ ಪೆಟ್ರಿ ಎಂಬಾತನ ಮುಚ್ಚಳದ ತಟ್ಟೆ ಬಂದ ಮೇಲೆ ಇಡೀ ವಿದ್ಯೆಗೆ ಪಾತ್ರೆಯೂ ಸಿಕ್ಕಿತು.

ಈಗಲೂ ಕೆಲಸ ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ. ಸಲೈನ್‌ನಲ್ಲಿ ಒದ್ದೆ ಮಾಡಿದ ಹತ್ತಿಯ ಕಡ್ಡಿಯನ್ನು ಎರಡೂ ಹೊಳ್ಳೆಗಳ ಮುಂಭಾಗದಲ್ಲಿ ತಿರುಗಿಸಿ, ಗುಲಾಬಿ ಬಣ್ಣದ ಮ್ಯಾನಿಟಾಲ್ ಸಾಲ್ಟ್ ಅಗರ್ ಮೇಲೆ ಎಳೆಯುತ್ತಾರೆ. ಅದರಲ್ಲಿ ಶೇ. 7.5 ಉಪ್ಪು. ಅಪ್ಪೆಮಿಡಿ ಭರಣಿಯಲ್ಲಿ ಉಪ್ಪು ಮಾಡುವ ಕೆಲಸವನ್ನೇ ಇಲ್ಲೂ ಮಾಡುತ್ತದೆ: ಉಳಿದವುಗಳನ್ನು ಹೊರಗಿಡುತ್ತದೆ. ಆರಿಯಸ್ ಇದ್ದರೆ ಮರುದಿನ ತಟ್ಟೆ ಹಳದಿಗೆ ತಿರುಗಿರುತ್ತದೆ. ಆಮೇಲೆ ಕೋಆಗ್ಯುಲೇಸ್ ಪರೀಕ್ಷೆ. ಹೆಪ್ಪು ಹಾಕಿದ ಹಾಲಿನಂತೆ ಪ್ಲಾಸ್ಮಾ ಗಟ್ಟಿಯಾದರೆ ಗುಮಾನಿ ಖಚಿತ.

ಔಷಧಿಯ ಪ್ರಶ್ನೆ ಬಂದದ್ದು ತಡವಾಗಿ. ಮೆಥಿಸಿಲಿನ್ ಎಂಬ ಆಂಟಿಬಯೋಟಿಕ್ 1959ರಲ್ಲಿ ಬಂತು. ಅದಕ್ಕೂ ಜಗ್ಗದ ಆರಿಯಸ್ 1961ರಲ್ಲೇ ಇಂಗ್ಲೆಂಡಿನಲ್ಲಿ ವರದಿಯಾಯಿತು. ಅದೇ ಎಂಆರ್‌ಎಸ್‌ಎ. ಒಂದೊಂದು ಲ್ಯಾಬು ಒಂದೊಂದು ರೀತಿ ಅಳೆಯುತ್ತಿದ್ದ ಗೊಂದಲಕ್ಕೆ 1966ರ ಕಿರ್ಬಿ-ಬಾವರ್ ವಿಧಾನ ಕಡಿವಾಣ ಹಾಕಿತು: 4 ಮಿಲಿಮೀಟರ್ ದಪ್ಪದ ಅಗರ್, ಮೇಲೆ ಔಷಧಿ ಹೀರಿದ ಪುಟ್ಟ ಬಿಲ್ಲೆಗಳು. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ವೃತ್ತವನ್ನು ಸ್ಕೇಲು ಹಿಡಿದು ಅಳೆಯುತ್ತಾರೆ. ಇವತ್ತು ಮೆಥಿಸಿಲಿನ್ ಬದಲು ಬಳಸುವ ಸೆಫಾಕ್ಸಿಟಿನ್ ಬಿಲ್ಲೆಯ ವೃತ್ತ 21 ಮಿಲಿಮೀಟರ್ ಅಥವಾ ಕಡಿಮೆ ಇದ್ದರೆ ಎಂಆರ್‌ಎಸ್‌ಎ, 22 ಇದ್ದರೆ ಅಲ್ಲ. ಒಂದು ಮಿಲಿಮೀಟರಿನ ನ್ಯಾಯ!

ನಮ್ಮ ಕಡೆಗೆ ನಿಜವಾಗಿ ಒದಗಿದ್ದು ಇನ್ನೊಂದು ಸುಧಾರಣೆ, ಅದರ ಮಾತು ಯಾರೂ ಎತ್ತುವುದಿಲ್ಲ. ಕಲ್ಚರ್ ಎಂದರೆ ಶಿವಮೊಗ್ಗದ ದಾರಿಯೇ ಹೆಚ್ಚು, ಮೆಗ್ಗಾನ್ ಆಸ್ಪತ್ರೆಗೋ ಖಾಸಗಿ ಲ್ಯಾಬಿಗೋ. ಒಣ ಕಡ್ಡಿ ಶಿಕಾರಿಪುರದ ಮೇಲೆ ಬಸ್ಸಿನಲ್ಲಿ ಹೋದರೆ ಬ್ಯಾಕ್ಟೀರಿಯಾ ದಾರಿಯಲ್ಲೇ ಸಾಯಬಹುದು. 1954ರ ಸ್ಟುವರ್ಟ್, 1967ರ ಏಮೀಸ್ ಸಾಗಣೆ ಮಾಧ್ಯಮಗಳು ಅದನ್ನು ಬೆಳೆಯಲೂ ಬಿಡದೆ ಸಾಯಲೂ ಬಿಡದೆ ಒಂದು ದಿನ ಹಿಡಿದಿಡುತ್ತವೆ. ಮಾಲ್ಡಿ-ಟಾಫ್ ಯಂತ್ರ ಬ್ಯಾಕ್ಟೀರಿಯಾದ ಹೆಸರನ್ನು ನಿಮಿಷಗಳಲ್ಲಿ ಹೇಳುತ್ತದೆ ನಿಜ, ಆದರೆ ಅದಕ್ಕೂ ಮೊದಲು ಬ್ಯಾಕ್ಟೀರಿಯಾ ಜೀವಂತ ತಲುಪಿ ತಟ್ಟೆಯಲ್ಲಿ ಬೆಳೆದಿರಬೇಕು.

ನೆಗಡಿಗೆಲ್ಲ ಈ ಪರೀಕ್ಷೆ ಬರೆಸಿಕೊಳ್ಳುವುದು ದುಡ್ಡು ದಂಡ. ಸುಮಾರು ನಾಲ್ವರಲ್ಲಿ ಒಬ್ಬರ ಮೂಗಿನಲ್ಲಿ ಆರಿಯಸ್ ಸುಮ್ಮನೆ ಇರುತ್ತದೆ. ವರದಿಯಲ್ಲಿ ಅದರ ಹೆಸರು ಕಂಡ ಮಾತ್ರಕ್ಕೆ ಕಾಯಿಲೆಯಲ್ಲ. ಹೃದಯದ, ಕೀಲಿನ ಶಸ್ತ್ರಚಿಕಿತ್ಸೆಗೆ ಮುಂಚೆ, ವಾರ್ಡಿನಲ್ಲಿ ಸೋಂಕು ಹಬ್ಬಿದಾಗ ಇದಕ್ಕೆ ಬೆಲೆ. ಸೈನಸ್ ತೊಂದರೆಗೆ ಹೊಳ್ಳೆಯ ಕಡ್ಡಿ ಸಾಲದು, ಎಂಡೋಸ್ಕೋಪ್ ಹಾಕಿ ಒಳಗಿನಿಂದಲೇ ತೆಗೆಯಬೇಕು.

2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಪ್ರಕಾರ ಔಷಧಿ ಅಂಗಡಿಯವರು ಹಲವು ಆಂಟಿಬಯೋಟಿಕ್‌ಗಳನ್ನು ಚೀಟಿಯಿಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಆದರೂ ಎರಡು ಮಾತ್ರೆ ನುಂಗಿಯೇ ಸ್ವ್ಯಾಬ್ ಕೊಡಲು ಬರುವವರಿದ್ದಾರೆ. ಆಗ ತಟ್ಟೆ ಖಾಲಿ ಬರಬಹುದು, ವರದಿ ಸುಳ್ಳು ಸಮಾಧಾನ ಹೇಳಬಹುದು. ನುಂಗಿದ್ದರೆ ಮುಚ್ಚಿಡಬೇಡಿ; ಮಾತ್ರೆಯ ಶೀಟನ್ನು ಕಿಸೆಯಲ್ಲಿಟ್ಟುಕೊಂಡೇ ಬನ್ನಿ.