ಲಗ್ ಜಾ ಗಲೇ: ಮೊದಲು ನಿರ್ದೇಶಕರೇ ಬೇಡ ಎಂದಿದ್ದ ಹಾಡು 60 ವರ್ಷ ದಾಟಿದ್ದು ಹೇಗೆ? ಕವರ್ ಹಾಡಲು ಯಾರ ಅನುಮತಿ ಬೇಕು?

ಮದುವೆಯ ಸಂಗೀತ ಸಂಜೆ ಇರಲಿ, ರಿಯಾಲಿಟಿ ಶೋ ಇರಲಿ, 'ಲಗ್ ಜಾ ಗಲೇ' ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. 1964ರಲ್ಲಿ ತೆರೆಕಂಡ 'ವೋ ಕೌನ್ ಥೀ?' ಚಿತ್ರದ ಈ ಪ್ರೇಮಗೀತೆಯನ್ನು ಇಂದಿನ ಯುವ ಗಾಯಕರೂ ಮತ್ತೆ ಮತ್ತೆ ಹಾಡುತ್ತಿದ್ದಾರೆ. ಆದರೆ ಕವರ್ ವಿಡಿಯೋ ನೋಡುವ ಎಷ್ಟು ಮಂದಿಗೆ ಇದನ್ನು ಬರೆದವರು, ಟ್ಯೂನ್ ಹಾಕಿದವರು ಯಾರೆಂದು ಗೊತ್ತು?

ಹಾಡು ಹುಟ್ಟಿದ ಕಥೆ

'ವೋ ಕೌನ್ ಥೀ?' ರಾಜ್ ಖೋಸ್ಲಾ ನಿರ್ದೇಶನದ ಸಸ್ಪೆನ್ಸ್ ಚಿತ್ರ. ತೆರೆಯ ಮೇಲೆ ಸಾಧನಾ ಮತ್ತು ಮನೋಜ್ ಕುಮಾರ್. ಸಾಹಿತ್ಯ ರಾಜಾ ಮೆಹದಿ ಅಲಿ ಖಾನ್, ಸಂಗೀತ ಮದನ್ ಮೋಹನ್, ದನಿ ಲತಾ ಮಂಗೇಶ್ಕರ್. ಪಹಾಡಿ ರಾಗದ ಛಾಯೆ ಇರುವ ಟ್ಯೂನ್ ಇದು.

ಮೊದಲ ಸಲ ಕೇಳಿದಾಗ ಖೋಸ್ಲಾ ಅವರಿಗೆ ಈ ಟ್ಯೂನ್ ಹಿಡಿಸಲೇ ಇಲ್ಲ. ಮದನ್ ಮೋಹನ್ ಪುತ್ರ ಸಂಜೀವ್ ಕೊಹ್ಲಿ ಹೇಳುವಂತೆ, ಬೇಸರಗೊಂಡ ಮದನ್ ಮೋಹನ್ ಮನೋಜ್ ಕುಮಾರ್ ಮೂಲಕ ನಿರ್ದೇಶಕರಿಗೆ ಇನ್ನೊಮ್ಮೆ ಹಾಡು ಕೇಳಿಸಿದರು. ಎರಡನೇ ಸಲ ಖೋಸ್ಲಾ ಮನಸೋತರು.

ಕೈತಪ್ಪಿದ ಪ್ರಶಸ್ತಿ

ಈ ಚಿತ್ರಕ್ಕಾಗಿ ಮದನ್ ಮೋಹನ್ ಫಿಲ್ಮ್‌ಫೇರ್‌ಗೆ ನಾಮನಿರ್ದೇಶನಗೊಂಡರು. ಪ್ರಶಸ್ತಿ ಮಾತ್ರ 'ದೋಸ್ತಿ' ಚಿತ್ರದ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪಾಲಾಯಿತು. ಮುಂದೆ 'ದಸ್ತಕ್' (1970) ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದರೂ, ಬದುಕಿದ್ದಾಗ ಅವರಿಗೆ ಒಂದೂ ಫಿಲ್ಮ್‌ಫೇರ್ ಸಿಗಲಿಲ್ಲ. 1975ರ ಜುಲೈ 14ರಂದು ಮುಂಬೈನಲ್ಲಿ ನಿಧನರಾದಾಗ ಅವರಿಗೆ 51 ವರ್ಷ. ಗೀತೆ ಬರೆದ ರಾಜಾ ಮೆಹದಿ ಅಲಿ ಖಾನ್ ಅದಕ್ಕೂ ಮುನ್ನ, 1966ರಲ್ಲೇ ತೀರಿಕೊಂಡಿದ್ದರು.

ದಕ್ಷಿಣಕ್ಕೆ ಬಂದ ಟ್ಯೂನ್

ಎರಡೇ ವರ್ಷಗಳಲ್ಲಿ ಈ ಟ್ಯೂನ್ ದಕ್ಷಿಣಕ್ಕೂ ಬಂತು. 1966ರಲ್ಲಿ ಚಿತ್ರ ತಮಿಳಿನಲ್ಲಿ 'ಯಾರ್ ನೀ?' ಎಂದು ರಿಮೇಕ್ ಆಯಿತು. ಸಾಧನಾ ಮಾಡಿದ್ದ ಪಾತ್ರದಲ್ಲಿ ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ನಟಿಸಿದರು. ವೇದಾ ಸಂಗೀತ ನಿರ್ದೇಶನದಲ್ಲಿ ಇದೇ ಟ್ಯೂನ್‌ನ ತಮಿಳು ಹಾಡಿಗೆ ಪಿ.ಸುಶೀಲಾ ದನಿಯಾದರು.

ಕ್ಯಾಸೆಟ್‌ನಿಂದ ಯೂಟ್ಯೂಬ್‌ಗೆ

ಕವರ್ ಹಾಡುಗಳು ದೊಡ್ಡ ವ್ಯಾಪಾರವಾಗಿದ್ದು ಕ್ಯಾಸೆಟ್ ಕಾಲದಲ್ಲಿ. ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಹಳೆಯ ಚಿತ್ರಗೀತೆಗಳನ್ನು ಹೊಸ ಗಾಯಕರಿಂದ ಹಾಡಿಸಿ ಕಡಿಮೆ ಬೆಲೆಗೆ ಮಾರಿತು. ಲತಾ ಹಾಡುಗಳನ್ನು ಹೀಗೆ ಮತ್ತೆ ಹಾಡಿದವರಲ್ಲಿ ಕಾರವಾರದಲ್ಲಿ ಜನಿಸಿದ ಅನುರಾಧಾ ಪೌಡ್ವಾಲ್ ಕೂಡ ಒಬ್ಬರು.

'ಲಗ್ ಜಾ ಗಲೇ' ಹೊಸ ತಲೆಮಾರಿಗೆ ತಲುಪಿದ್ದು ಯೂಟ್ಯೂಬ್ ಮೂಲಕ. ಮುಂಬೈನ ಸನಮ್ ಬ್ಯಾಂಡ್‌ನ ಕವರ್ ಭಾರಿ ಜನಪ್ರಿಯವಾಯಿತು. 2018ರಲ್ಲಿ 'ಸಾಹೇಬ್ ಬೀವಿ ಔರ್ ಗ್ಯಾಂಗ್‌ಸ್ಟರ್ 3' ಚಿತ್ರಕ್ಕಾಗಿ ಜೊನಿತಾ ಗಾಂಧಿ ಇದನ್ನು ಹಾಡಿದರು.

ಕಾನೂನು ಏನು ಹೇಳುತ್ತದೆ?

ಕವರ್ ಹಾಡಲು ಮೂಲ ಗಾಯಕರ ಒಪ್ಪಿಗೆ ಬೇಕೆಂದು ಹಲವರು ತಿಳಿದಿದ್ದಾರೆ. ಆದರೆ ಮುಖ್ಯವಾಗಿ ಬೇಕಿರುವುದು ಸಾಹಿತ್ಯ ಮತ್ತು ಸಂಗೀತದ ಹಕ್ಕು ಹೊಂದಿದವರ ಅನುಮತಿ. 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆಯ 31ಸಿ ಸೆಕ್ಷನ್ ಇದಕ್ಕೊಂದು ದಾರಿ ಕೊಟ್ಟಿದೆ. ಅದರ ಮುಖ್ಯ ಷರತ್ತುಗಳು ಇಲ್ಲಿವೆ:

- ಮೂಲ ಹಾಡು ಧ್ವನಿಮುದ್ರಣವಾದ ವರ್ಷ ಮುಗಿದು 5 ವರ್ಷ ಕಳೆದಿರಬೇಕು. (ಮೊದಲು ಇದು 2 ವರ್ಷ ಇತ್ತು.)
- ಮುಂಚಿತವಾಗಿ ನೋಟಿಸ್ ನೀಡಿ, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು.
- ಇದು ಕವರ್ ಎಂದು ಕವಚದ ಮೇಲೆ ಸ್ಪಷ್ಟವಾಗಿ ನಮೂದಿಸಬೇಕು. ಮೂಲ ಗಾಯಕರದ್ದೇ ಎಂದು ಜನ ತಪ್ಪು ತಿಳಿಯುವಂತೆ ಮಾರುವಂತಿಲ್ಲ.

'ಲಗ್ ಜಾ ಗಲೇ' ಹಕ್ಕು ಯಾವಾಗ ಮುಗಿಯುತ್ತದೆ?

ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆ. ಹಾಗಾಗಿ 1964ರ ಮೂಲ ಧ್ವನಿಮುದ್ರಣದ ಅವಧಿ 2024ರ ಕೊನೆಗೆ ಮುಗಿದಿದೆ. ಸಾಹಿತ್ಯ, ಸಂಗೀತಕ್ಕೆ ಮಾತ್ರ ಲೆಕ್ಕ ಬೇರೆ: ಕರ್ತೃ ನಿಧನರಾದ ಮರುವರ್ಷದಿಂದ 60 ವರ್ಷ. ಅಂದರೆ ಗೀತೆಯ ಹಕ್ಕು 2026ರ ಅಂತ್ಯದವರೆಗೆ, ಟ್ಯೂನ್ ಹಕ್ಕು 2035ರ ಅಂತ್ಯದವರೆಗೆ ಇರುತ್ತದೆ. ಹಳೆಯ ರೆಕಾರ್ಡ್‌ನ ಅವಧಿ ಮುಗಿಯಿತೆಂದು ಯಾರು ಬೇಕಾದರೂ ಕವರ್ ಮಾಡಿ ಮಾರಬಹುದು ಎಂದುಕೊಂಡರೆ ತಪ್ಪು.

ಹಾಡುವವರು ಬದಲಾಗುತ್ತಾರೆ, ಪದ ಮತ್ತು ಟ್ಯೂನ್ ಅವೇ ಉಳಿಯುತ್ತವೆ. ನೀವೂ ಈ ಹಾಡಿನ ಕವರ್ ಅಪ್‌ಲೋಡ್ ಮಾಡುವ ಯೋಚನೆಯಲ್ಲಿದ್ದರೆ, ಅನುಮತಿಯ ಜೊತೆಗೆ ರಾಜಾ ಮೆಹದಿ ಅಲಿ ಖಾನ್ ಮತ್ತು ಮದನ್ ಮೋಹನ್ ಹೆಸರು ಹಾಕುವುದನ್ನು ಮರೆಯಬೇಡಿ.