ಉಚ್ಚಂಗಿಯ ಕಾಮದೇವ: ಗೆದ್ದವರ ಶಾಸನದಲ್ಲಿ ಸೋತ ಅರಸು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳ ಇತಿಹಾಸ ಕೇಳಿದರೆ ಹೆಚ್ಚಿನವರು ಹಂಪಿಯ ಕಡೆಗೆ ಕೈ ತೋರಿಸುತ್ತಾರೆ. ಜಿಲ್ಲೆಯ ಹೆಸರೇ ಈಗ ವಿಜಯನಗರ. ಆದರೆ ಹಂಪಿ ರಾಜಧಾನಿಯಾಗುವುದಕ್ಕೆ ಒಂದೂವರೆ ಶತಮಾನ ಮೊದಲೇ ಈ ಸೀಮೆಯಲ್ಲಿ ಒಂದು ಅರಸುಮನೆತನವಿತ್ತು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಿಂದ ಆಳಿದ ಪಾಂಡ್ಯರು ಅವರು. ಹೆಸರು ಒಂದೇ ಆದರೂ ಇವರು ಮಧುರೆಯ ಪಾಂಡ್ಯರಲ್ಲ. ಕಲ್ಯಾಣ ಚಾಲುಕ್ಯರ ಕೈಕೆಳಗೆ ನೊಳಂಬವಾಡಿ-32000 ನಾಡನ್ನು ನೋಡಿಕೊಂಡ ಮಹಾಮಂಡಲೇಶ್ವರರು.

ಸಾಮಂತನ ಬದುಕು ಎಂಥದ್ದು ಎಂಬುದನ್ನು ಈ ವಂಶದ ಒಂದು ಹೆಸರೇ ಹೇಳುತ್ತದೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಇಲ್ಲಿ ಆಳಿದವನು ತ್ರಿಭುವನಮಲ್ಲ ಪಾಂಡ್ಯ. ‘ತ್ರಿಭುವನಮಲ್ಲ’ ಎಂಬುದು ಚಕ್ರವರ್ತಿಯ ಬಿರುದು. ಒಡೆಯನ ಬಿರುದನ್ನು ತನ್ನ ಹೆಸರಿನ ಮುಂದೆ ಹೊತ್ತೇ ಪಾಂಡ್ಯ ಅರಸನಾಗಿದ್ದ. ಕಲ್ಯಾಣ ಗಟ್ಟಿಯಾಗಿದ್ದಷ್ಟು ದಿನ ಇದು ನಡೆಯಿತು. ತೆಂಕಲಿಂದ ಹೊಯ್ಸಳರು ಮೇಲೇಳತೊಡಗಿದಾಗ ಉಚ್ಚಂಗಿ ಎರಡು ಶಕ್ತಿಗಳ ನಡುವಿನ ಗಡಿಯಾಯಿತು.

ದುಮ್ಮೆಯ ಕಾಳಗದಲ್ಲಿ ಪಾಂಡ್ಯರನ್ನು ಸೋಲಿಸಿದ ವಿಷ್ಣುವರ್ಧನ ‘ನೊಳಂಬವಾಡಿಗೊಂಡ’ ಎಂದು ಕರೆಸಿಕೊಂಡ. ಬಿರುದನ್ನು ಅಕ್ಷರಶಃ ನಂಬಿದರೆ ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ 1177ರ ಸುಮಾರಿಗೆ ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳ ಅದೇ ಉಚ್ಚಂಗಿಯನ್ನು ಮತ್ತೆ ಗೆಲ್ಲಬೇಕಾಯಿತು. ಆಗ ಕೋಟೆಯೊಳಗಿದ್ದವನೇ ವಿಜಯಪಾಂಡ್ಯ, ಇನ್ನೊಂದು ಹೆಸರಿನಲ್ಲಿ ಕಾಮದೇವ.

ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿಯೂ ಕೈಬಿಟ್ಟ ಕೋಟೆಯನ್ನು ಬಲ್ಲಾಳ ಲೀಲೆಯಿಂದ ಗೆದ್ದ ಎನ್ನುತ್ತದೆ ಹೊಯ್ಸಳರ ಶಾಸನ. ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಎಂಬ ಅವನ ಬಿರುದುಗಳನ್ನು ಇತಿಹಾಸಕಾರರು ಈ ಗೆಲುವಿಗೇ ಜೋಡಿಸುತ್ತಾರೆ. ಇಲ್ಲಿ ಶಾಸನಕವಿಯ ಜಾಣ್ಮೆಯನ್ನು ಗಮನಿಸಬೇಕು. ನಮ್ಮ ಕತೆಗಳಲ್ಲಿ ವನವಾಸಕ್ಕೂ ಬರಗಾಲಕ್ಕೂ ಹನ್ನೆರಡೇ ವರ್ಷ. ಕೋಟೆಯನ್ನು ಎತ್ತರಿಸಿದಷ್ಟೂ ಅದನ್ನು ಹತ್ತಿದವನು ಎತ್ತರವಾಗುತ್ತಾನೆ. ಕೋಟೆ ಕಾದವನು ಮಾತ್ರ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಾನೆ: ಮರೆಹೊಕ್ಕ, ಬಲ್ಲಾಳ ಅವನ ರಾಜ್ಯವನ್ನು ಅವನಿಗೇ ಮರಳಿ ಕೊಟ್ಟ.

ಈ ಮರಳಿ ಕೊಟ್ಟದ್ದನ್ನು ಶಾಸನ ಕರುಣೆ ಎನ್ನುತ್ತದೆ. ನನಗೆ ಅದು ಲೆಕ್ಕಾಚಾರವಾಗಿಯೂ ಕಾಣುತ್ತದೆ. ಬಲ್ಲಾಳ ಪಟ್ಟಕ್ಕೆ ಬಂದು ನಾಲ್ಕೇ ವರ್ಷವಾಗಿತ್ತು. ಬಡಗಲಲ್ಲಿ ಕಳಚುರಿಗಳೂ ಸೇವುಣರೂ ಇದ್ದರು. ಗಡಿನಾಡಿನಲ್ಲಿ ದಂಡು ಇರಿಸುವುದಕ್ಕಿಂತ ಅಲ್ಲಿನ ಗಾವುಂಡರ ಗುರುತುಳ್ಳ ಹಳೆಯ ಅರಸನನ್ನೇ ಉಳಿಸಿಕೊಳ್ಳುವುದು ಅಗ್ಗ. ಕಾಮದೇವನಿಗೂ ಲೆಕ್ಕ ಗೊತ್ತಿದ್ದೀತು. ತುರುಗೋಳು, ಊರಳಿವು, ಪೆಣ್ಬುಯ್ಯಲ್: ದೊಡ್ಡವರ ಕಾಳಗದಲ್ಲಿ ಹಳ್ಳಿಗೆ ಏನಾಗುತ್ತಿತ್ತು ಎಂಬುದನ್ನು ವೀರಗಲ್ಲುಗಳ ಈ ಮೂರು ಮಾತುಗಳೇ ಹೇಳುತ್ತವೆ.

ಅದೇ ದಶಕದಲ್ಲಿ, ಇಂಗ್ಲೆಂಡಿನ ಪಕ್ಕದ ವೇಲ್ಸ್‌ನಲ್ಲಿ ರೀಸ್ ಆಪ್ ಗ್ರಿಫಿತ್ ಎಂಬ ರಾಜಕುಮಾರನಿದ್ದ. ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿಯ ವಿರುದ್ಧ ವರ್ಷಗಟ್ಟಲೆ ಬಂಡೆದ್ದು, ಕೊನೆಗೆ 1171–72ರಲ್ಲಿ ರಾಜಿಯಾಗಿ, ಅದೇ ದೊರೆಯ ಪ್ರತಿನಿಧಿಯಾಗಿ ತನ್ನ ನಾಡನ್ನು ಆಳಿದ. 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳಿಗೂ ವಾದ್ಯಗಾರರಿಗೂ ಅವನು ಏರ್ಪಡಿಸಿದ ಸ್ಪರ್ಧೆಯನ್ನು ವೇಲ್ಸ್ ಜನ ಇಂದಿಗೂ ನೆನೆಯುತ್ತಾರೆ. ತಲೆಬಾಗಿದ ಎಂಬ ಕಾರಣಕ್ಕೆ ಅವನನ್ನು ಬಿಟ್ಟುಕೊಟ್ಟಿಲ್ಲ. ನಾವಾದರೋ ಮಡಿದ ಕುಮಾರರಾಮನನ್ನು ಹಾಡಿ ಉಳಿಸಿಕೊಂಡೆವು. ಬದುಕಿ ಆಳಿದ ಕಾಮದೇವನಿಗೆ ಅಂಥ ಹಾಡು ಸಿಗಲಿಲ್ಲ.

ಈ ಮರೆವಿಗೆ ಇನ್ನೊಂದು ಕಾರಣ ನಮ್ಮ ಗ್ರಂಥಾಲಯಗಳಲ್ಲೇ ಇದೆ. ಬ್ರಿಟಿಷರ ಕಾಲದಲ್ಲಿ ನೊಳಂಬವಾಡಿಯ ನಡುವೆ ಮೈಸೂರು–ಮದರಾಸು ಗಡಿ ಹಾದುಹೋಗಿತ್ತು. ದಾವಣಗೆರೆ, ಚಿತ್ರದುರ್ಗದ ಕಡೆಯ ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ದ 11ನೇ ಸಂಪುಟ ಸೇರಿದವು; ಬಳ್ಳಾರಿ ಜಿಲ್ಲೆಯವು ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ 9ನೇ ಸಂಪುಟಕ್ಕೆ ಹೋದವು. ಒಂದೇ ನಾಡಿನ ದಾಖಲೆ ಎರಡು ಕಪಾಟು ಸೇರಿತು. ಗೆದ್ದ ವಂಶದ ಬೆನ್ನು ಹಿಡಿದು ಓದುವವರಿಗೆ ಉಚ್ಚಂಗಿ ಹೊಯ್ಸಳರ ಅಧ್ಯಾಯದ ಅಡಿಟಿಪ್ಪಣಿಯಾಗಿಯೇ ಉಳಿಯಿತು.

ಗಡಿಯ ಆಟ ಇನ್ನೂ ನಿಂತಿಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಉಚ್ಚಂಗಮ್ಮನ ಭಕ್ತರು ಮಾತ್ರ ಎರಡೂ ಕಡೆಯಿಂದ ಬಂದು ಒಂದೇ ಗುಡ್ಡ ಹತ್ತುತ್ತಾರೆ. ಈ ಸೀಮೆಯ ಚರಿತ್ರೆ ಬರೆಯ ಹೊರಟವರೂ ಎರಡೂ ಸಂಪುಟಗಳನ್ನು ಒಟ್ಟಿಗೆ ಬಿಚ್ಚಿಟ್ಟುಕೊಳ್ಳಬೇಕು. ಆಗ ಕಾಮದೇವ ಬಲ್ಲಾಳನ ಬಿರುದಿನಿಂದ ಹೊರಗೆ ಬಂದು, ತನ್ನ ನಾಡಿನ ಅರಸನಾಗಿ ಕಂಡಾನು.