ಕೊನೆಯ ದಿನಗಳ ಕವಿ

ಕವಿ ಗೋವಿಂದ ಪೈಗಳ ಮನೆಮಾತೂ ನನ್ನ ಮನೆಮಾತೂ ಕೊಂಕಣಿಯೇ. ಅವರದು ಗೌಡ ಸಾರಸ್ವತರ ಕೊಂಕಣಿ, ನನ್ನದು ಮಂಗಳೂರು ಕ್ಯಾಥೊಲಿಕರ ಕೊಂಕಣಿ. ಮಂಗಳೂರಿನ ರಥಬೀದಿಯ ಅಂಗಡಿಯಲ್ಲಿ ಎರಡು ಮಾತಾಡುವಷ್ಟರಲ್ಲಿ ಯಾರು ಯಾವ ಕಡೆಯವರೆಂದು ಗೊತ್ತಾಗಿಬಿಡುತ್ತದೆ. ಎರಡೂ ಕಡೆಯ ಹಿರಿಯರು ಹೊರಟು ಬಂದದ್ದು ಗೋವಾದಿಂದ. ಪೋರ್ಚುಗೀಸರು ಅಲ್ಲಿ ದೇವಸ್ಥಾನಗಳನ್ನು ಕೆಡವಿದರು, 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಕೂರಿಸಿದರು. ಸಾರಸ್ವತರ ಎಷ್ಟೋ ಕುಟುಂಬಗಳು ದೇವರನ್ನು ಎತ್ತಿಕೊಂಡು ಕರಾವಳಿಗುಂಟ ದಕ್ಷಿಣಕ್ಕೆ ಇಳಿದವು. ಮತಾಂತರವಾಗಿದ್ದ ನಮ್ಮ ಕಡೆಯವರೂ ಬರ, ಯುದ್ಧ ಮತ್ತು ಅದೇ ವಿಚಾರಣೆಯ ಕಾಟ ತಾಳಲಾರದೆ ಅದೇ ದಾರಿ ಹಿಡಿದರು. ಮುಂದೆ 1784ರಲ್ಲಿ ಟಿಪ್ಪು ನಮ್ಮವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಈ ಊರಿನಲ್ಲಿ ಹಳೆಯ ಗಾಯದ ಲೆಕ್ಕ ಇಟ್ಟುಕೊಳ್ಳದ ಸಮುದಾಯವೇ ಇಲ್ಲ.

ಇಷ್ಟು ಹಿಂದಿನಿಂದ ಹೇಳಲು ಕಾರಣವಿದೆ. ಶಿಲುಬೆ ಹಿಡಿದವರ ಕಾಟಕ್ಕೆ ಊರು ಬಿಟ್ಟವರ ಕುಲದಲ್ಲಿ ಹುಟ್ಟಿದ ಒಬ್ಬ ವೈಷ್ಣವ ಕವಿ 1930ರ ದಶಕದಲ್ಲಿ ‘ಗೊಲ್ಗೊಥಾ’ ಬರೆದರು; ಯೇಸುವಿನ ಕೊನೆಯ ದಿನ ಅದರ ವಸ್ತು. ನಾನು ಮಂಗಳೂರಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಕಾಲದಲ್ಲಿ ಅದರ ಭಾಗಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಹಳಗನ್ನಡ ಬೆರೆತ ಬಿಗಿ ಭಾಷೆ. ಮಕ್ಕಳು ಪದಪದಕ್ಕೂ ನಿಲ್ಲುತ್ತಿದ್ದರು. ಒಮ್ಮೆ ಬ್ಯಾರಿ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಈ ಕವಿ ಕ್ರಿಶ್ಚಿಯನ್ನರಾ?” ಅಲ್ಲ ಎಂದೆ. “ಮತ್ತೆ ಇಷ್ಟು ಸಂಕಟಪಟ್ಟು ಯಾಕೆ ಬರೆದರು?” ಎಂದಳು. ಆ ಪ್ರಶ್ನೆಗೆ ಉತ್ತರ ಅವರ ಇಡೀ ಬದುಕಿನಲ್ಲಿದೆ.

ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು. ತಂದೆಯ ಊರು ಮಂಗಳೂರು, ತಾಯಿಯ ಊರು ಮಂಜೇಶ್ವರ. ಶಾಲೆ ಇಲ್ಲಿ, ಕಾಲೇಜು ಮದರಾಸಿನಲ್ಲಿ. ಅವರು 14ರ ಹುಡುಗನಾಗಿದ್ದಾಗ, 1897ರಲ್ಲಿ, ಕುದ್ಮುಲ್ ರಂಗರಾಯರು ಇದೇ ಊರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಮುಟ್ಟಿಸಿಕೊಳ್ಳಬಾರದೆಂದು ಊರು ದೂರವಿಟ್ಟ ಮಕ್ಕಳನ್ನು ಕರೆತಂದು ಅಕ್ಷರ ಕಲಿಸಿದ ಆ ಸಾರಸ್ವತ ವಕೀಲರಿಗೆ ಜಾತಿಯವರು ಬಹಿಷ್ಕಾರ ಹಾಕಿದರು. ಇಂದು ಮಂಗಳೂರಿನ ಪುರಭವನಕ್ಕೆ ಅವರದೇ ಹೆಸರು. ಅಂದು ಅವರ ಮನೆಯ ನೀರು ಕುಡಿಯಲು ಹಿಂಜರಿದವರೇ ಹೆಚ್ಚು.

ಈ ಗಾಳಿಯಲ್ಲಿ ಬೆಳೆದ ಪೈಗಳು 1911ರಲ್ಲಿ ಗುಜರಾತಿನ ನವಸಾರಿಯಲ್ಲಿದ್ದಾಗ ಒಂದು ನಿರ್ಧಾರ ಮಾಡಿದರು. ಇಕ್ಬಾಲರ ‘ಹಿಂದೂಸ್ತಾನ್ ಹಮಾರಾ’ವನ್ನು ಕನ್ನಡಕ್ಕೆ ತರಲು ಹೊರಟವರಿಗೆ ಪ್ರಾಸ ಅಡ್ಡಬಂತು. ಹಳೆಯ ಕನ್ನಡ ಪದ್ಯದ ಕಟ್ಟಳೆ ಏನೆಂದರೆ, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. ಮೊದಲ ಸಾಲು ‘ಮರ’ ಎಂದು ಶುರುವಾದರೆ ಉಳಿದವೂ ‘ಕರ’, ‘ತಿರಿ’, ‘ಉರಿ’ ಎಂದೇ ಶುರುವಾಗಬೇಕು. ಹೇಳಬೇಕಾದ ಮಾತು ಒಂದಿರುತ್ತದೆ, ಅಕ್ಷರ ಸಿಗುವ ಮಾತು ಬೇರೊಂದಿರುತ್ತದೆ. ಕವಿ ಸಿಕ್ಕಿದ್ದಕ್ಕೆ ಒಪ್ಪಿಕೊಳ್ಳುತ್ತಾನೆ. ಪಂಪನ ಕಾಲದಿಂದ ಬಂದ ಆ ಕಟ್ಟನ್ನು ಪೈಗಳು ಕಳಚಿದರು. ಪಂಡಿತರು ಸಿಟ್ಟಾದರು. ಹಾಗೆ ಪ್ರಾಸ ಬಿಟ್ಟು ಬರೆದ ಮೊದಲ ಪದ್ಯಗಳಲ್ಲೊಂದು ಮಂಗಳೂರಿನ ‘ಸ್ವದೇಶಾಭಿಮಾನಿ’ ಪತ್ರಿಕೆಯಲ್ಲಿ ಬಂತು. ಅದರ ಹೆಸರು ‘ಹೊಲೆಯನು ಯಾರು?’

ಸಾಹಿತ್ಯ ಚರಿತ್ರೆಗಳು ಈ ಸಂಗತಿಯನ್ನು ಛಂದಸ್ಸಿನ ಅಧ್ಯಾಯಕ್ಕೆ ಸೇರಿಸಿ ಮುಂದೆ ಹೋಗುತ್ತವೆ. ನನಗೆ ಅದು ಸಾಲದು. ಮುಸ್ಲಿಂ ಕವಿಯೊಬ್ಬನ ಹಾಡನ್ನು ಕನ್ನಡಕ್ಕೆ ತರುವ ಆಸೆ, ಅಸ್ಪೃಶ್ಯತೆಯನ್ನು ನೇರವಾಗಿ ಕೇಳುವ ಪದ್ಯ, ಶತಮಾನಗಳ ಕಟ್ಟಳೆಯ ತ್ಯಾಗ, ಈ ಮೂರೂ ಒಬ್ಬನೇ ಮನುಷ್ಯನಿಗೆ ಒಂದೇ ಕಾಲದಲ್ಲಿ ಒದಗಿದ್ದು ಆಕಸ್ಮಿಕವೆಂದು ನಾನು ನಂಬಲಾರೆ.

ಮಂಜೇಶ್ವರದ ಮನೆಯಲ್ಲಿ ಕೂತು ಅವರು ಕಲಿತ ಭಾಷೆಗಳು ಇಪ್ಪತ್ತಕ್ಕೂ ಹೆಚ್ಚು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ‘ಹೆಬ್ಬೆರಳು’ ನಾಟಕದಲ್ಲಿ ಏಕಲವ್ಯನನ್ನು ಎತ್ತಿಕೊಂಡರು. 1940ರ ದಶಕದಲ್ಲಿ ‘ವೈಶಾಖಿ’ ಬಂತು, ಅದು ಬುದ್ಧನ ಕೊನೆಯ ದಿನ. ಆ ದಿನದ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವನು ಕಮ್ಮಾರ ಚುಂದ. ಅವನು ಬಡಿಸಿದ ಊಟ ಉಂಡು ಬುದ್ಧನಿಗೆ ಕಾಯಿಲೆ ಹೆಚ್ಚುತ್ತದೆ. ಕುಸಿನಾರೆಯ ದಾರಿಯಲ್ಲಿ, ನೋವಿನ ನಡುವೆ, ಬುದ್ಧ ಶಿಷ್ಯ ಆನಂದನಿಗೆ ಹೇಳುವುದು ಚುಂದನ ಬಗ್ಗೆ: ಯಾರೂ ಅವನನ್ನು ದೂರದಂತೆ ನೋಡಿಕೊ, ಅವನ ಮನಸ್ಸು ನೋಯಬಾರದು ಎಂದು. ಸಾಯುವವನು ಒಬ್ಬ ಕಮ್ಮಾರನ ಮಾನ ಕಾಯಲು ಉಳಿದ ಉಸಿರು ಖರ್ಚುಮಾಡುತ್ತಾನೆ. ಶಿಲುಬೆಯ ಮೇಲಿನವನೂ ತನ್ನನ್ನು ಕೊಲ್ಲುತ್ತಿರುವವರಿಗೇ ಕ್ಷಮೆ ಬೇಡಿದ. ಪೈಗಳು ‘ಪ್ರಭಾಸ’ ಎಂದು ಕೃಷ್ಣನ ಕೊನೆಯ ದಿನವನ್ನೂ ‘ದೆಹಲಿ’ ಎಂದು ಗಾಂಧೀಜಿಯ ಕೊನೆಯ ದಿನವನ್ನೂ ಬರೆಯಬೇಕೆಂದುಕೊಂಡಿದ್ದರು. ಅವು ಪೂರ್ತಿಯಾಗಲಿಲ್ಲ.

ಈ ನಾಲ್ವರ ಹಿಂದೆಯೂ ಪಂಥಗಳಿವೆ, ಸಾಮ್ರಾಜ್ಯಗಳಿವೆ, ಸರಕಾರಗಳಿವೆ. ಪೈಗಳು ಅವುಗಳತ್ತ ಹೋಗಲಿಲ್ಲ. ಆಳುವ ಧರ್ಮವನ್ನು ಬದಿಗಿಟ್ಟು ಏಟು ತಿಂದ ಮನುಷ್ಯನ ಪಕ್ಕ ಕೂತರು. ಗೋವಾದ ಇನ್‌ಕ್ವಿಸಿಷನ್‌ನವರು ಯಾರ ಹೆಸರಿನಲ್ಲಿ ಹಿಂಸೆ ಕೊಟ್ಟರೋ ಆ ಯೇಸು ತಾನೇ ವಿಚಾರಣೆಗೆ ನಿಂತು ಶಿಕ್ಷೆ ಉಂಡವನು ಎಂಬುದು ಅವರಿಗೆ ಕಂಡಿತ್ತು. ಗಾಯದ ಲೆಕ್ಕವನ್ನೇ ಮುಂದಿಟ್ಟುಕೊಂಡು ಚುನಾವಣೆ ಗೆಲ್ಲುವ ಇಂದಿನ ಕರಾವಳಿಯಲ್ಲಿ, ಚೂರಿ ಇರಿತ, ಚರ್ಚಿನ ಮೇಲೆ ಕಲ್ಲು ಎಂಬ ಸುದ್ದಿ ಕೇಳಿದಾಗಲೆಲ್ಲ ನನಗೆ ಈ ಕವಿ ಬೇಕೆನಿಸುತ್ತದೆ.

ರಾಜಕೀಯ ಅವರನ್ನೂ ಬಿಡಲಿಲ್ಲ. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ಕೊಟ್ಟಿತು. ಕನ್ನಡದಲ್ಲಿ ಆ ಹೆಸರು ಪಡೆದವರಲ್ಲಿ ಅವರೇ ಮೊದಲಿಗರು. ಏಳು ವರ್ಷ ಕಳೆದು 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಮಂಗಳೂರು ಮೈಸೂರಿಗೆ ಬಂತು, ಕಾಸರಗೋಡಿನೊಂದಿಗೆ ಮಂಜೇಶ್ವರ ಕೇರಳಕ್ಕೆ ಹೋಯಿತು. ಇಪ್ಪತ್ತು ಕಿಲೋಮೀಟರಿನಷ್ಟು ದೂರದ ತಂದೆಯ ಊರಿಗೂ ತಾಯಿಯ ಊರಿಗೂ ನಡುವೆ, ತಲಪಾಡಿಯಲ್ಲಿ, ಗಡಿ ಬಿತ್ತು. ಅವರ ಆಪ್ತರಾದ ಕಯ್ಯಾರ ಕಿಞ್ಞಣ್ಣ ರೈಗಳು ಆ ನೋವನ್ನು ಹೋರಾಟವಾಗಿಸಿ ಕೊನೆಯತನಕ ಹೊತ್ತರು. ಪೈಗಳು 1963ರ ಸೆಪ್ಟೆಂಬರ್ 6ರಂದು ತೀರಿಕೊಂಡರು.

ಮಂಜೇಶ್ವರದ ಅವರ ಮನೆ ಈಗ ‘ಗಿಳಿವಿಂಡು’ ಎಂಬ ಸ್ಮಾರಕ, ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ನನ್ನ ಕೇಳಿಕೆ ಇನ್ನೊಂದಿದೆ. ‘ಗೊಲ್ಗೊಥಾ’ ಮತ್ತು ‘ವೈಶಾಖಿ’ಗಳನ್ನು ಒಂದೇ ಪುಸ್ತಕವಾಗಿ, ಪ್ರತಿ ಪುಟದ ಕೆಳಗೆ ಕಷ್ಟಪದಗಳ ಅರ್ಥ ಕೊಟ್ಟು ಅಚ್ಚುಹಾಕಿ, ಈ ಜಿಲ್ಲೆಯ ಪದವಿ ತರಗತಿಗಳಿಗೆ ಪಠ್ಯವಾಗಿಡಿ. ಅರ್ಥ ಬರೆದುಕೊಡುವ ಕೆಲಸಕ್ಕೆ ನನ್ನಂಥ ನಿವೃತ್ತ ಮೇಷ್ಟ್ರುಗಳು, ಟೀಚರುಗಳು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದೇವೆ.